ಅಡ್ಮಿನ್ ಅಳಿಸಿದ ಮಾತು

"ಸೋನಿ ಟಿ.ಸಿ.ಗೆ ಅರ್ಜಿ ಕೊಟ್ಟಾಳಂತ! ಏ ಶೈಲಾ, ನಿನಗ ಹೇಳಾಕತ್ತೇನಿ, ಕಾಲೇಜ್ ಬಿಡ್ತಾಳಂತ ಆಕಿ!"

ಮಧುಮತಿ ಇಷ್ಟು ಹೇಳಿ ಕ್ಯಾಂಟೀನಿನ ಕಟ್ಟೆಯ ಮೇಲೆ ಬ್ಯಾಗು ಒಗೆದು, ಶೈಲಶ್ರೀಯ ತಟ್ಟೆಯಿಂದ ಅರ್ಧ ಮಿರ್ಚಿ ಮುರಿದು ಬಾಯಿಗಿಟ್ಟುಕೊಂಡಳು. ಅಂಬಿಕಾನಗರದ ಬಸ್ಸಿಳಿದು ಬರುವಾಗ ಕಾಲೇಜಿನ ಆಫೀಸಿನಲ್ಲಿ ಕೇಳಿದ ಸುದ್ದಿ. ಬಿಸಿ ಆರುವ ಮೊದಲೇ ತಂದು ಹಾಕಬೇಕು ಎನ್ನುವ ಅವಸರ ಅವಳ ಕಣ್ಣಲ್ಲಿ ಇನ್ನೂ ಇತ್ತು. ಶೈಲಶ್ರೀ "ಹೌದಾ?" ಎಂದಳು. ಆ ಹೌದಾ ಒಂದು ಗಳಿಗೆ ತಡವಾಗಿ ಬಂದದ್ದು ಅವಳಿಗೇ ಕೇಳಿಸಿತು.

"ನಿನಗ ಗೊತ್ತಿರಲಿಲ್ಲೇನ?"

"ನನಗೆಲ್ಲಿಂದ ಗೊತ್ತಿರಬೇಕು?"

"ನಿನ್ನ ಗೆಳತಿ ಅಲ್ಲೇನ? ಒಂದ ಡಬ್ಬಿಯೊಳಗ ಉಣತಿದ್ರಿ. ಮಹಾಬಳೇಶ್ವರ ಸರ್ ಮಾಫಿ ಕೇಳು ಅಂದ್ರಂತ, ಆಕಿ ಕೇಳೂದಿಲ್ಲ ಅಂದ್ಲಂತ. ನಾಳೆ ಮಾಮಾನ್ನ ಕರಕೊಂಡ ಬಂದು ಟಿ.ಸಿ. ತಗೊಂಡ ಹೋಗ್ತಾಳಂತ. ನೀ ಏನರ ಅನ್ನು, ಅಷ್ಟ ಬೈಬಾರದಿತ್ತ ಆಕಿ. ಗ್ರೂಪಿನಾಗ ಯಾರರ ಹಂಗ ಬೈತಾರೇನ?"

ಬೈದಿಲ್ಲ ಎನ್ನುವ ಮಾತು ಶೈಲಶ್ರೀಯ ನಾಲಿಗೆಯ ತುದಿಗೆ ಬಂತು. ಮಿರ್ಚಿಯ ಖಾರದ ಜೊತೆ ಅದನ್ನು ನುಂಗಿ ನೀರು ಕುಡಿದಳು. ಹೇಳುವುದಿದ್ದರೆ ಒಂದೇ ಮಾತು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬಾಗಿಲಲ್ಲಿ ನಿಂತಿತ್ತು: ಬೈದಿಲ್ಲ ಅಂದರೆ ಆ ಆಡಿಯೋ ನೀನು ಯಾಕೆ ಅಳಿಸಿದೆ? ಮಧುಮತಿ ಉಳಿದರ್ಧ ಮಿರ್ಚಿಯನ್ನೂ ಎತ್ತಿಕೊಂಡಳು. ಅವಳಿಗೆ ಈ ಸುದ್ದಿಯ ಅರ್ಧ ಮಾತ್ರ ಗೊತ್ತು. ಇನ್ನರ್ಧ ಶೈಲಶ್ರೀಯ ಫೋನಿನಲ್ಲಿ ಕಾಲೇಜಿನ ವಾರ್ಷಿಕೋತ್ಸವ, ಗ್ಯಾದರಿಂಗ್, ಮುಗಿದ ಮರುದಿನದಿಂದಲೂ ಇದೆ. ಮೊದಲೆಲ್ಲ ಯಾರಾದರೂ ಗ್ರೂಪು ಬಿಟ್ಟರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ ಕಾಣುತ್ತಿತ್ತು. ಯಾಕೆ ಬಿಟ್ಟಿ, ಏನಾತು ಎಂದು ಹತ್ತು ಮಂದಿ ಕೇಳುತ್ತಿದ್ದರು, ನಾಲ್ಕು ಮಂದಿ ವಾಪಸ್ ಸೇರಿಸುತ್ತಿದ್ದರು, ಬಿಟ್ಟವರೂ ಕೇಳಲಿ ಎಂದೇ ಬಿಡುತ್ತಿದ್ದರು. ಈಗ ಹಾಗಿಲ್ಲ. ಹೊಸ ಪದ್ಧತಿಯಲ್ಲಿ ಹೋದವರ ಹೆಸರು ಅಡ್ಮಿನ್ ಒಬ್ಬರಿಗೇ ಕಾಣುತ್ತದೆ, ಬೂದು ಬಣ್ಣದ ಒಂದು ಸಣ್ಣ ಸಾಲಾಗಿ. ಸೆಕೆಂಡ್ ಬಿ.ಎ. ಗ್ಯಾದರಿಂಗ್ ಗ್ರೂಪಿಗೆ ಅಡ್ಮಿನ್ ಶೈಲಶ್ರೀ ಒಬ್ಬಳೇ. ಸೋನುಬಾಯಿ ಎದ್ದು ಹೋದದ್ದನ್ನು ಕಂಡವಳು ಅವಳೊಬ್ಬಳೇ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಒಬ್ಬಳು ಎಲೆ ಬಿಟ್ಟು ಹಿತ್ತಲ ಬಾಗಿಲಿನಿಂದ ಹೋದಂತೆ; ಬಡಿಸುವವಳು ನೋಡಿ, ನೋಡದ ಹಾಗೆ, ಮುಂದಿನ ಎಲೆಗೆ ಸಾರು ಹಾಕಿದಂತೆ. ಆ ಸಾಲನ್ನು ನೋಡಿದ ಕೂಡಲೆ ಅವಳು ಗ್ರೂಪಿಗೆ ಒಂದು ಫೋಟೋ ಹಾಕಿದ್ದಳು, ಅದರ ಮೇಲೆ ಇನ್ನೊಂದು, ಮತ್ತೊಂದು. ಸಾಲು ಮೇಲೆ ಸರಿಯುತ್ತ ಸರಿಯುತ್ತ ಪರದೆಯ ಆಚೆ ಹೋಗಿತ್ತು.

ಮಧುಮತಿಯ ಜೊತೆ ಕ್ಲಾಸಿಗೆ ನಡೆಯುವಾಗ ಲೈಬ್ರರಿಯ ಹಿಂದಿನ ಖಾಲಿ ಕೋಣೆ ಕಂಡಿತು. ಅಲ್ಲೇ ಸೋನುಬಾಯಿ ಅವರಿಗೆಲ್ಲ ತನ್ನ ಸಿದ್ದಿ ಜನರ ಕುಣಿತ ಕಲಿಸಿದ್ದು. ಹಳಿಯಾಳದ ಕಡೆಯ ತನ್ನ ಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುವವಳು, ಒಂದು ದಿನ ಮಾಮಾ ಕಾಯತಾನನ ಡಮಾಮಿ ಡೋಲನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದಳು. ಕಂಡಕ್ಟರ್ ಅದಕ್ಕೂ ಟಿಕೆಟು ಹರಿದಿದ್ದನಂತೆ. ಅದನ್ನು ಹೇಳಿ ತಾನೇ ನಕ್ಕಿದ್ದಳು. "ನನಗ ಅರ್ಧಾ ಹರಿ, ಈ ಮುದುಕಗ ಪೂರಾ ಹರಿ ಅಂದೆ." ಡಮಾಮಿಯನ್ನು ನೆಲದ ಮೇಲೆ ಇಟ್ಟ ತಕ್ಷಣ ಕ್ಲಾಸಿನ ಮಲ್ಲೇಶ ಬಡಿಯಲು ಹೋದಾಗ ಅವನ ಕೈ ಹಿಡಿದು, ಮೊದಲು ಒಂದು ಕಾಯಿ ಒಡೆಯಬೇಕು, ನಮ್ಮ ಹಿರಿಯರ ಹೆಸರು ತಗೋಬೇಕು, ಆಮೇಲೆ ಪೆಟ್ಟು ಎಂದಿದ್ದಳು. ಮಲ್ಲೇಶ, "ಕಾಯಿ ನಾ ಕೊಡಸ್ತೇನಿ, ಚಟ್ನಿಗೆ ಬರ್ತೈತಿ" ಎಂದಿದ್ದ. ಎಲ್ಲರೂ ನಕ್ಕರು. ಸೋನುಬಾಯಿ ಎಲ್ಲರಿಗಿಂತ ಮೊದಲು ನಕ್ಕಳು. ಅದು ಅವಳ ರೀತಿ. ತನ್ನ ಮೇಲೆ ಬೀಳುವ ನಗುವನ್ನು ತಾನೇ ಮೊದಲು ಎತ್ತಿಕೊಂಡು ಖರ್ಚು ಮಾಡಿಬಿಡುವುದು, ಉಳಿದವರ ಪಾಲಿಗೆ ಸ್ವಲ್ಪವೇ ಮಿಕ್ಕುವ ಹಾಗೆ. ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ರಾಫ್ಟಿಂಗಿಗೆ ಬಂದ ಟೂರಿಸ್ಟರು ಅವಳನ್ನು ಆಫ್ರಿಕಾದವಳೇ ಎಂದು ಇಂಗ್ಲಿಷಿನಲ್ಲಿ ಕೇಳಿ, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಾಗಲೂ ಹಾಗೆಯೇ. "ನಾವು ಹಳಿಯಾಳ ತಾಲೂಕಿನವ್ರರಿ, ನೀವು ಯಾವೂರವ್ರು? ಮಾರಿ ನೋಡಿದ್ರ ಬಾಳ ದೂರದವ್ರಂಗ ಕಾಣ್ತೀರಿ" ಎಂದಿದ್ದಳು. ಅವರಿಗೆ ಒಂದಕ್ಷರವೂ ತಿಳಿಯದೆ ತಲೆಯಾಡಿಸಿದ್ದರು. ಆ ಫೋಟೋ ತೆಗೆದದ್ದು ಶೈಲಶ್ರೀ. ಫೋನನ್ನು ಅವಳ ಕೈಗೆ ಕೊಟ್ಟು, ಸ್ವಲ್ಪ ಆಕಡೆ ನಿಲ್ಲು ಎಂದು ಸನ್ನೆ ಮಾಡಿದ್ದರು. ಯಾರೂ ತನ್ನ ಜೊತೆ ಫೋಟೋ ಕೇಳಲಿಲ್ಲ ಎನ್ನುವ ಒಂದು ಹೊಲಸು ಸಂಕಟ ಅವಳಿಗೆ ಆಗ ಆಗಿತ್ತು, ಅದಕ್ಕೆ ಅವಳೇ ಆಮೇಲೆ ನಾಚಿದ್ದಳು.

ಕ್ಲಾಸಿನಲ್ಲಿ ಮಹಾಬಳೇಶ್ವರ ಸರ್ ಹಾಜರಿ ಹಿಡಿದರು. ಸೋನುಬಾಯಿ ಎಂದಾಗ ಯಾರೂ ಓ ಅನ್ನಲಿಲ್ಲ; ಹಿಂದಿನ ಬೆಂಚಿನಿಂದ ಮಲ್ಲೇಶ ಹೆಣ್ಣು ದನಿ ಮಾಡಿ "ಹ್ಞೂಂ ಸರ್" ಎಂದ. ಸರ್ ಕಣ್ಣೆತ್ತಿದರು, ಮುಂದಿನ ಹೆಸರಿಗೆ ಹೋದರು. ಈ ಮಲ್ಲೇಶನೇ ಹುಬ್ಬಳ್ಳಿಯಿಂದ ನಾಟಕದವರು ಮುಖಕ್ಕೆ ಹಚ್ಚುವ ಕಪ್ಪು ಬಣ್ಣದ ಡಬ್ಬಿ ತಂದವನು. ಸಿದ್ದಿ ಕುಣಿತ ಎಂದ ಮೇಲೆ ಸಿದ್ದಿಯರ ಹಾಗೆ ಕಾಣಬೇಕಲ್ಲ ಎಂದ. ತಲೆಗೆ ಎಲೆ, ಸೊಂಟಕ್ಕೆ ಎಲೆ, ಮೈಗೆ ಬಣ್ಣ. ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸುತ್ತ, "ಸೋನಿದೊಂದು ಡಬ್ಬಿ ಉಳೀತ ನೋಡ್ರೆಪಾ" ಎಂದಾಗ ಕೋಣೆ ಎದ್ದು ಬೀಳುವಷ್ಟು ನಕ್ಕಿತು. ಶೈಲಶ್ರೀಯೂ ನಕ್ಕಳು. ಅವತ್ತು ಸೋನುಬಾಯಿ ಮಾತ್ರ ಮೊದಲು ನಗಲಿಲ್ಲ, ಕೊನೆಗೂ ನಗಲಿಲ್ಲ. ಡಮಾಮಿ ಸುತ್ತಿದ್ದ ಸೀರೆಯ ಗಂಟು ಬಿಗಿ ಮಾಡುತ್ತ ಕೂತಿದ್ದವಳ ಫೋಟೋ ಯಾರೋ ತೆಗೆದರು. ಈಗ ಫೋಟೋದೊಳಗಿನ ಮನುಷ್ಯರನ್ನು ಬೆರಳಲ್ಲಿ ಒತ್ತಿ ಹಿಡಿದರೆ ಸಾಕು, ಹಿನ್ನೆಲೆಯಿಂದ ಕಿತ್ತು ಸ್ಟಿಕರ್ ಆಗಿ ಬರುತ್ತಾರೆ. ಸೋನುಬಾಯಿ ಬಸ್ಸು ಹತ್ತುವ ಹೊತ್ತಿಗೆ ಗ್ರೂಪಿನಲ್ಲಿ ಸ್ಟಿಕರ್ ಆಗಿದ್ದಳು, ತಲೆಯ ಮೇಲೆ ಎಲೆ, ಕೆಳಗೆ 'ಕಲರ್ ಫ್ರೀ' ಎನ್ನುವ ಬರಹ. ಅದರ ಕೆಳಗೆ ಉರುಳಾಡಿ ನಗುವ ಮುಖಗಳು. ಅಡ್ಮಿನ್ ಆದವಳು ಅದನ್ನು ಆಗ ಅಳಿಸಬಹುದಿತ್ತು. ಯಾರದೇ ಸಂದೇಶವನ್ನಾದರೂ ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ ಎಂದು ಅವಳಿಗೆ ಗೊತ್ತಿತ್ತು. ತಮಾಷೆಗೆ ಯಾಕೆ ಕಲ್ಲು ಹಾಕಬೇಕು ಎಂದುಕೊಂಡಳು.

ಆ ಸಂಜೆಯೇ ಸೋನುಬಾಯಿಯ ಆಡಿಯೋ ಬಂದದ್ದು. ಅದು ಪರದೆಯ ಮೇಲೆ ಬಂದಾಗ ಶೈಲಶ್ರೀ ಕನ್ನಡಿಯ ಮುಂದೆ ನಿಂತು ಕುಣಿತಕ್ಕೆ ಭುಜ ಸಡಿಲ ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದಳು. ನಡುವೆ ನಿಲ್ಲುವವಳು ನೀನೇ ಎಂದು ಸರ್ ಹೇಳಿದ್ದರು. ಸ್ಟೇಜಿನ ಮೇಲೆ ಎತ್ತರದವರು ನಡುವೆ ಇದ್ದರೆ ಚೆಂದ. ಕಲಿಸಿದವಳು ಮೂರನೆಯ ಸಾಲಿನಲ್ಲಿ ಇರಲಿ, ಬೀಟು ತಪ್ಪಿದರೆ ಹಿಂದಿನಿಂದ ಹೇಳುತ್ತಾಳೆ. ಆಡಿಯೋ ಒತ್ತಿ ಕಿವಿಗಿಟ್ಟುಕೊಂಡಳು. ಹಿಂದೆ ಕೋಳಿಯ ಸದ್ದು, ಯಾರೋ ಕೊಂಕಣಿಯಲ್ಲಿ ಕೂಗುವುದು, ಆಮೇಲೆ ಸೋನುಬಾಯಿಯ ದನಿ, ಓದಿ ಒಪ್ಪಿಸಿದ ಹಾಗೆ ನಿಧಾನ: "ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಬಣ್ಣ ಹಚ್ಚಬ್ಯಾಡ್ರಿ, ಇಷ್ಟ ಹೇಳಾಕ ಮಾಡೇನಿ. ನೀವು ನೀವಿದ್ದಂಗ ಕುಣೀರಿ, ಚಂದ ಕುಣೀತೀರಿ. ನಮ್ಮ ಮೈಬಣ್ಣ ವೇಷ ಅಲ್ಲ. ಹಚ್ಚೂದಾದ್ರ ನಾನೂ ಬರೂದಿಲ್ಲ, ನಮ್ಮ ಮಾಮಾನ ಡಮಾಮೀನೂ ಬರೂದಿಲ್ಲ." ಅಷ್ಟೇ. ಬೈಗುಳ ಹೋಗಲಿ, ಒಂದು ಗಟ್ಟಿ ದನಿಯೂ ಇರಲಿಲ್ಲ. ಅದಕ್ಕೇ ಅದು ಭಯ ಹುಟ್ಟಿಸಿತು. ಬೈದಿದ್ದರೆ ಜಗಳವಾಗಿ ಮುಗಿಯುತ್ತಿತ್ತು; ಇದನ್ನು ಕೇಳಿದರೆ ಹುಡುಗಿಯರು ಒಬ್ಬೊಬ್ಬರಾಗಿ ಹೌದಲ್ಲ ಎನ್ನುತ್ತಾರೆ, ಸರ್ ಯೋಚನೆ ಮಾಡುತ್ತಾರೆ, ಕುಣಿತ ನಿಲ್ಲುತ್ತದೆ, ನಡುವೆ ನಿಲ್ಲುವುದು ತಪ್ಪುತ್ತದೆ. ಶೈಲಶ್ರೀ ಅದನ್ನು ಮೊದಲಿನಿಂದ ಇನ್ನೊಮ್ಮೆ ಕೇಳಿದಳು. ಬೆರಳು ಒತ್ತಿ ಹಿಡಿದಳು. ಎಲ್ಲರಿಗೂ ಅಳಿಸಬೇಕೆ ಎಂದು ಫೋನು ಮರ್ಯಾದೆಯಿಂದ ಕೇಳಿತು. ಒತ್ತುವಾಗ ಅವಳಿಗೆ ಆದದ್ದು ಭಯವೊಂದೇ ಎಂದು ಈಗ ತನಗೆ ತಾನು ಹೇಳಿಕೊಳ್ಳುವುದುಂಟು. ಹಾಗಿರಲಿಲ್ಲ. ಒಂದು ಸುಖವೂ ಇತ್ತು. ದೂರದಲ್ಲೆಲ್ಲೋ ಒಂದು ಹಳ್ಳಿಯಲ್ಲಿ ಒಬ್ಬಳ ಬಾಯಿಯನ್ನು ಇಲ್ಲಿಂದ ಒಂದು ಬೆರಳಿನಿಂದ ಮುಚ್ಚಬಹುದು ಎನ್ನುವ ಸುಖ.

ಅಳಿಸಿದ ಜಾಗ ಖಾಲಿ ಬೀಳುವುದಿಲ್ಲ ಎನ್ನುವುದು ಅವಳಿಗೆ ಆಮೇಲೆ ಹೊಳೆಯಿತು. ಸೋನುಬಾಯಿಯ ಹೆಸರಿನ ಕೆಳಗೆ, 'ಈ ಸಂದೇಶವನ್ನು ಅಡ್ಮಿನ್ ಶೈಲಶ್ರೀ ಅಳಿಸಿದ್ದಾರೆ' ಎಂದು ನಿಂತುಬಿಟ್ಟಿತು, ಬಹುವಚನದಲ್ಲಿ, ಅವಳು ದೊಡ್ಡ ಮನುಷ್ಯಳಾದಂತೆ. ಏನಂದ್ಲು? ಎಂದು ಲಕ್ಷ್ಮಿ ಕೇಳಿದಳು. ಬೈದಳೇನ? ಎಂದು ಇನ್ನೊಬ್ಬರು. ಸ್ಟಿಕರ್‌ಗೆ ಉರಕೊಂಡಾಳ, ಅವ್ವ ಅಪ್ಪನ್ನ ತಗದ ಬೈದಿರಬೇಕ ಎಂದು ಮಲ್ಲೇಶ. ಶೈಲಶ್ರೀ ಟೈಪು ಮಾಡಿದ್ದು: 'ಬಿಡ್ರಿ, ಈಗ ಆ ಮಾತು ಬ್ಯಾಡ.' ಅವಳು ಸುಳ್ಳು ಹೇಳಿರಲಿಲ್ಲ. ಆ ಸಾಲನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಸುಳ್ಳು ಸಿಗುವುದಿಲ್ಲ. ಮರುದಿನವೇ ಗ್ಯಾದರಿಂಗ್; ಕಾಲೇಜಿಗೆ ಬರುವಷ್ಟರಲ್ಲಿ ಇಲ್ಲದ ಬೈಗುಳಕ್ಕೆ ಕೈಕಾಲು ಮೂಡಿದ್ದವು: ಕಾಲೇಜಿಗೆ ಬೈದಳಂತೆ, ಸರ್‌ಗೆ ಬೈದಳಂತೆ, ಬರುವ ಅತಿಥಿಗೂ ಬಾಯಿಗೆ ಬಂದದ್ದು ಅಂದಳಂತೆ. ಕೆಲವರು ಅಳಿಸುವ ಮೊದಲೇ ತಾವು ಕೇಳಿದ್ದಾಗಿ ಹೇಳಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಕಾಯತಾನ ಬಂದು, ಯಾರ ಹತ್ತಿರವೂ ಮಾತಾಡದೆ, ಡಮಾಮಿಯನ್ನು ಅದೇ ಸೀರೆಯಲ್ಲಿ ಕಟ್ಟಿಕೊಂಡು ಹೋಗಿದ್ದ. ಮಲ್ಲೇಶ ಎಲ್ಲಿಂದಲೋ ಡಮಾಮಿಯ ಸದ್ದು ಫೋನಿಗೆ ಇಳಿಸಿಕೊಂಡು ಸ್ಪೀಕರಿಗೆ ಸಿಕ್ಕಿಸಿದ. ಎಲ್ಲರೂ ಕಪ್ಪು ಬಳಿದುಕೊಂಡು ಕುಣಿದರು. ನಡುವೆ ಶೈಲಶ್ರೀ. ನಮ್ಮ ಜಿಲ್ಲೆಯ ಸಂಸ್ಕೃತಿಯನ್ನು ಈ ಮಕ್ಕಳು ಉಳಿಸುತ್ತಿದ್ದಾರೆ ಎಂದು ಅತಿಥಿಗಳು ಮೈಕಿನಲ್ಲಿ ಹೇಳಿದಾಗ ಬಣ್ಣ ಒಣಗಿ ಅವಳ ಕೆನ್ನೆ ಬಿಗಿದುಕೊಂಡಿತ್ತು, ನಗಲು ಹೋದರೆ ಚರ್ಮ ಹರಿದಂತಾಗುತ್ತಿತ್ತು.

"ಶೈಲಶ್ರೀ, ಸ್ವಲ್ಪ ನನ್ನ ಕೋಣೆಗೆ ಬಂದು ಹೋಗು."

ಕ್ಲಾಸು ಮುಗಿದಿತ್ತು. ಮಹಾಬಳೇಶ್ವರ ಸರ್ ಶಿರಸಿಯ ಕಡೆಯವರು. ಅವರ ಮೆತ್ತಗಿನ ಮಾತಿನ ಮುಂದೆ ತನ್ನ ಮಾತು ಯಾವಾಗಲೂ ಕಲ್ಲು ಉರುಳಿಸಿದ ಹಾಗೆ ಕೇಳುತ್ತದೆ ಎಂದು ಶೈಲಶ್ರೀಗೆ ಸಂಕೋಚ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡು, ನಾನು ಆ ಗ್ರೂಪಿನಲ್ಲಿ ಇಲ್ಲ. ನಂಗೆ ಗೊತ್ತಾಗಿದ್ದು ನಾಲ್ಕು ಜನ ಹೇಳಿದ್ದು. ಕೆಟ್ಟ ಮಾತಾಡಿದ್ದಾಳೆ ಅಂದ್ರು, ಕ್ಷಮೆ ಕೇಳು ಅಂದೆ. 'ನಾನೇನು ಹೇಳಿದೆ ಅಂತ ಶೈಲಶ್ರೀಗೆ ಗೊತ್ತಿದೆ, ಅವಳನ್ನೇ ಕೇಳಿ' ಅಂತ ಹೇಳಿ ಎದ್ದು ಹೋದ್ಳು ಆ ಹುಡುಗಿ. ಏನು ಹೇಳಿದ್ಳು ಅವಳು?"

ಕಿಟಕಿಯಿಂದ ಕಾಗದದ ಮಿಲ್ಲಿನ ವಾಸನೆ ಬರುತ್ತಿತ್ತು. ದಾಂಡೇಲಿಯವರಿಗೆ ಅದು ಗಾಳಿಯ ವಾಸನೆಯೇ. ಹೊರಗಿನವರು ಮೂಗು ಮುಚ್ಚಿದಾಗಷ್ಟೇ ಗೊತ್ತಾಗುತ್ತದೆ. ನವಲಗುಂದಕ್ಕೆ ಮದುವೆಗೆ ಹೋದಾಗ ಅತ್ತೆಯ ಮಗಳು ಇವಳ ಬ್ಯಾಗು ಬಿಚ್ಚಿ, ಶೀ, ಅರಿಬಿಗೆಲ್ಲಾ ಫ್ಯಾಕ್ಟರಿ ನಾರ್ತೈತಿ ಎಂದಿದ್ದಳು, ನೆರೆದ ಮಂದಿಯ ಮುಂದೆ. ಅವತ್ತು ಶೈಲಶ್ರೀ ಹಿತ್ತಲಿಗೆ ಹೋಗಿ ತನ್ನ ತೋಳನ್ನು ತಾನೇ ಮೂಸಿದ್ದಳು. ಇದನ್ನು ಅವಳು ಜಗತ್ತಿನಲ್ಲಿ ಒಬ್ಬರಿಗೇ ಹೇಳಿದ್ದು, ಸೋನುಬಾಯಿಗೆ. ಸೋನುಬಾಯಿ ನಕ್ಕಿರಲಿಲ್ಲ, "ನಾನೂ ಹಂಗ ನೋಡ್ಕೊಂಡೇನಿ, ಬ್ಯಾರೆ ಕಾರಣಕ್ಕ" ಎಂದಿದ್ದಳು.

"ಏನು, ನೆನಪಿಲ್ವಾ?"

"ಸರ್, ಗ್ಯಾದರಿಂಗ್ ಗದ್ದಲದಾಗ... ನನಗ ಬರೋಬರಿ ನೆನಪಿಲ್ಲರಿ."

ಸರ್ ಅವಳನ್ನು ನೋಡಿದರು. ನಂಬಿದರೋ ಇಲ್ಲವೋ. ನಂಬದಿದ್ದರೂ ಅವರಿಗೆ ಅದು ಅನುಕೂಲವೇ ಇರಬಹುದು ಎಂದು ಅವಳಿಗೆ ಅನ್ನಿಸಿತು. ಬಣ್ಣ ಹಚ್ಚಿದ್ದನ್ನು ಅವರೂ ನೋಡಿ ಚಪ್ಪಾಳೆ ತಟ್ಟಿದ್ದರು.

"ನಾಳೆ ಬರ್ತಾರಂತೆ ಅವರ ಮನೆಯವರು. ಏನೂ ಕೆಟ್ಟದ್ದು ಹೇಳಿರ್ಲಿಲ್ಲ ಅಂತಾದ್ರೆ ನಾನೇ ಅವಳ ಹತ್ರ ಮಾತಾಡ್ತೇನೆ. ಹೇಳಿದ್ದು ಹೌದಾದ್ರೆ ಹಾಗೇ ಹೋಗ್ಲಿ. ನೀನು ಯೋಚನೆ ಮಾಡು. ಕ್ಲಾಸಿನವರ ಮುಂದೆ ಇದು ಸ್ವಚ್ಛ ಆಗ್ಬೇಕು, ಅಷ್ಟೇ."

ಮನೆಗೆ ಬಂದಾಗ ಅವ್ವ ಸುಶೀಲವ್ವ ಹೊರಗೆ ಕೂತು ಪುಂಡಿಪಲ್ಲೆ ಸೋಸುತ್ತಿದ್ದಳು. ಮಿಲ್ಲಿನ ಕ್ವಾರ್ಟರ್ಸಿನ ಈ ಸಾಲಿನ ಮನೆಗಳೆಲ್ಲ ಧಾರವಾಡ, ಬೆಳಗಾವಿ ಕಡೆಯವರವೇ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನುತ್ತಾರೆ. ಅವ್ವ ಕೈ ಒರೆಸಿಕೊಂಡು ಫೋನು ಹಿಡಿದಳು.

"ನಿನ್ನ ಕುಣತದ ಫೋಟೋ ಸ್ಟೇಟಸ್ ಇಟ್ಟಿದ್ನೆಲ್ಲ, ನಿಮ್ಮತ್ತಿ ನವಲಗುಂದದಿಂದ ಫೋನ್ ಮಾಡಿದ್ಲು. ಗುರ್ತ ಸಿಗಲಿಲ್ಲಂತ ನಿಂದು. ಖರೇನ ಸಿದ್ದೇರ ಹುಡುಗಿ ಅಂತ ತಿಳದ್ಲಂತ! ನಕ್ಕೂ ನಕ್ಕೂ ಸಾಕಾತು."

"ತಗದ್ಹಾಕು ಅದನ್ನ."

"ಯಾಕ? ಚಂದ ಬಂದೈತಿ. ಒಂದ ದಿನಕ್ಕ ತಾನ ಹೊಕ್ಕೈತಿ ಬಿಡು, ಹೋದ್ರ ಮತ್ತ ಇಡ್ತೇನಿ." ಅವ್ವ ಮತ್ತೆ ಪಲ್ಲೆಗೆ ಕೈ ಹಾಕಿದಳು. "ಸೋನಿ ಈಗೀಗ ಬರೂದ ಬಿಟ್ಟಾಳ ನೋಡು. ಜಗಳ ಆಡೀರೇನ?"

ಈ ಕಟ್ಟೆಯ ಮೇಲೆಯೇ ಸೋನುಬಾಯಿ ಕೂತು ಎಷ್ಟೋ ಸಲ ಪಲ್ಲೆ ಸೋಸಿಕೊಟ್ಟಿದ್ದಾಳೆ. ಹೀಗೆಯೇ ಕೂತಿದ್ದಾಗ ಅವ್ವ ಶೈಲಶ್ರೀಗೆ, ಬಿಸಲಾಗ ನಿಂದರಬ್ಯಾಡ, ಸೋನಿಯಂಗ ಆಗ್ತಿ ನೋಡು ಎಂದಿದ್ದಳು. ಅವ್ವನ ಮನಸ್ಸಿನಲ್ಲಿ ವಿಷ ಇರಲಿಲ್ಲ, ಅದೇ ಉಸಿರಿನಲ್ಲಿ ಸೋನುಬಾಯಿಗೆ ಎರಡನೆಯ ಸಲ ಚಹಾ ಹಾಕಿದ್ದಳು. ಸೋನುಬಾಯಿ, "ಅವ್ವಾ, ನಾ ಬಿಸಲಾಗ ನಿಂತಿಲ್ರಿ, ಬಿಸಲ ನನ್ನೊಳಗ ನಿಂತೈತಿ" ಎಂದು ನಗಿಸಿದ್ದಳು. ಶೈಲಶ್ರೀ ಆಗಲೂ ಸುಮ್ಮನಿದ್ದಳು. ತಾನು ಸುಮ್ಮನಿದ್ದ ಜಾಗಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟರೆ ಅದೇ ಒಂದು ಗೆಳೆತನದಷ್ಟು ಉದ್ದವಾಗುತ್ತದೆ ಎಂದು ಅವಳಿಗೆ ಈಗ ತೋರಿತು.

ಅಪ್ಪ ಪರಸಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದು ಮಲಗೆದ್ದವನು, ಬನಿಯನ್ನಿನಲ್ಲೇ ಚಹಾ ಹಿಡಿದು ಹೊರಗೆ ಬಂದ. "ಆ ಹುಡುಗಿ ಮಾಮಾ ಕಾಯತಾನ ಸಿಕ್ಕಿದ್ದ ಇವತ್ತ," ಎಂದ, ಯಾರಿಗೂ ಅಲ್ಲದ ಹಾಗೆ. "ಮಿಲ್ಲಿನ ಗೇಟಿನ ಹಂತೇಕ ಲಾರಿಯಿಂದ ಕಟಗಿ ಇಳಸಾಕತ್ತಿದ್ದ. ಯಾವಾಗ್ಲೂ ಪರಸಣ್ಣಾ ಅಂತ ತಾನ ಬಂದ ಮಾತಾಡ್ಸಾಂವ. ಇವತ್ತ ನಾನ ಕೂಗಿದೆ. ನೋಡಿದ, ಮಾರಿ ಹೊಳ್ಳಿಸಿಕೊಂಡ. ಮಂದ್ಯಾಗ ನನಗೊಂದ ನಮೂನಿ ಆತು. ಏನ ತಪ್ಪ ಮಾಡೇನೋ ಏನೋ."

"ಕೇಳಿಸಿರಾಕಿಲ್ಲ ತಗೋರಿ," ಎಂದಳು ಅವ್ವ.

"ಕೇಳಿಸ್ತು ಅವಗ," ಎಂದ ಅಪ್ಪ, ಚಹಾ ಊದುತ್ತ.

ಶೈಲಶ್ರೀ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಪ್ಪ ತಾನು ಮಾಡದ ತಪ್ಪನ್ನು ಹುಡುಕುತ್ತ ಕೂತಿದ್ದು ಅವಳಿಗೆ ತಡೆಯಲಾಗಲಿಲ್ಲ. ಮಂಚದ ಅಂಚಿಗೆ ಕೂತು ಗ್ರೂಪು ತೆರೆದಳು. ಬರೆದಳು: 'ಎಲ್ಲಾರಿಗೂ ಒಂದ ಮಾತು. ಸೋನುಬಾಯಿ ಯಾರಿಗೂ ಬೈದಿಲ್ಲ. ಬಣ್ಣ ಹಚ್ಚಬ್ಯಾಡ್ರಿ ಅಂತ ಇಷ್ಟ ಹೇಳಿದ್ಲು. ತಪ್ಪು ನನ್ನದು.' ಕೊನೆಯ ಎರಡು ಪದ ನೋಡಿದಳು. ಅವು ಬತ್ತಲೆ ನಿಂತ ಹಾಗಿದ್ದವು. ಅಳಿಸಿದಳು. ಅಲ್ಲಿ ಏನಾದರೂ ಬೇಕಲ್ಲ, ಇಲ್ಲದಿದ್ದರೆ ಯಾಕೆ ಅಳಿಸಿದೆ ಎನ್ನುತ್ತಾರೆ. ಬೆರಳು ತಾನೇ ಬರೆಯಿತು: 'ನಾನು ಗಡಬಡಿಯೊಳಗ ಪೂರಾ ಕೇಳದ ಅಳಿಸಿದೆ.' ಇಷ್ಟು ಸಣ್ಣ ಬಟ್ಟೆಯಾದರೂ ಮೈಮೇಲೆ ಇರಲಿ. ಕಣ್ಣು ಮುಚ್ಚಿ ಕಳಿಸಿಬಿಟ್ಟಳು. ಕಳಿಸಿದ ಕೂಡಲೆ ಎದೆ ಹಗುರಾಯಿತು, ಅಳು ಬರುವಷ್ಟು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಹೆದರಿದೆನಲ್ಲ ಎಂದು ತನ್ನ ಮೇಲೆಯೇ ಪ್ರೀತಿ ಬಂತು.

ಮಧುಮತಿ ಒಂದು ಕೆಂಪು ಹೃದಯ ಒತ್ತಿದಳು. ಇನ್ನೊಬ್ಬರು ಕೈ ಮುಗಿದರು. ಲಕ್ಷ್ಮಿ ಬರೆದಳು: 'ಅಯ್ಯ ಪಾಪ, ನಾವು ಏನೇನೋ ಅಂದ್ವಲ್ಲ.' ಆಮೇಲೆ ಮಲ್ಲೇಶನ ಹೆಸರಿನ ಮುಂದೆ 'ಟೈಪ್ ಮಾಡುತ್ತಿದ್ದಾರೆ' ಎಂದು ಬಂತು, ನಿಂತಿತು, ಮತ್ತೆ ಬಂತು. ಅವನು ಬರೆದದ್ದು ಒಂದೇ ಸಾಲು.

'ಪೂರಾ ಕೇಳಿಲ್ಲಂದ್ರ ಬೈದಿಲ್ಲ ಅಂತ ನಿನಗ ಹೆಂಗ ಗೊತ್ತು ಅಡ್ಮಿನ್ ಮೇಡಮ್ಮಾರ?'

ಕೆಳಗೆ ನಗುವ ಮುಖಗಳು ಏಳತೊಡಗಿದವು. ಹೌದಲ್ಲ ಎಂದು ಯಾರೋ. ಸರ್ ಬೈದಿರಬೇಕು, ಹೆದರಿ ಬರದಾಳ ಎಂದು ಇನ್ನಾರೋ. ಲಕ್ಷ್ಮಿಯೂ ಕೇಳಿದಳು: 'ಶೈಲಾ, ಖರೇ ಹೇಳು, ಕೇಳೀಯೋ ಇಲ್ಲೋ?' ಉತ್ತರ ಮೂರೇ ಅಕ್ಷರದ್ದು. ಕೇಳಿದ್ದೆ, ಎರಡು ಸಲ ಕೇಳಿದ್ದೆ, ಆಮೇಲೆ ಅಳಿಸಿದೆ ಎಂದರೆ ಮುಗಿಯಿತು. ಸೋನುಬಾಯಿ ಉಳಿಯುತ್ತಾಳೆ, ಅಪ್ಪನ ಮುಂದೆ ಕಾಯತಾನ ಮುಖ ತಿರುಗಿಸುವುದಿಲ್ಲ. ಶೈಲಶ್ರೀ ಮಾತ್ರ, ಈ ಗ್ರೂಪಿನಲ್ಲಿ, ಈ ಕಾಲೇಜಿನಲ್ಲಿ, ಡಿಗ್ರಿ ಮುಗಿಯುವ ತನಕ, ಗೆಳತಿಯ ಬಾಯಿ ಮುಚ್ಚಿದವಳು ಎಂದು ಉಳಿಯುತ್ತಾಳೆ. ಮಲ್ಲೇಶ ಅವಳದೂ ಒಂದು ಸ್ಟಿಕರ್ ಮಾಡುತ್ತಾನೆ. ತನ್ನ ಮುಖ ಹಿನ್ನೆಲೆಯಿಂದ ಕಿತ್ತುಬಂದು, ಬಿಳಿ ಅಂಚು ಕಟ್ಟಿಕೊಂಡು, ಎಲ್ಲರ ಫೋನಿನಲ್ಲಿ ಕೂರುವುದನ್ನು ಅವಳು ಸ್ಪಷ್ಟವಾಗಿ ಕಂಡಳು. ಕಳಿಸಿದ್ದನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಅದನ್ನು ಅವಳು ಕಲಿತಿದ್ದಳು. ತಿದ್ದಿದರೆ ಮೂಲೆಯಲ್ಲಿ 'ತಿದ್ದಲಾಗಿದೆ' ಎಂಬ ಒಂದು ಬೂದು ಪದ, ಅಷ್ಟೇ, ಮೊದಲೇನಿತ್ತು ಎಂದು ಯಾರಿಗೂ ತೋರಿಸುವುದಿಲ್ಲ. ಸಂದೇಶವನ್ನು ಒತ್ತಿ ಹಿಡಿದಳು. ಒಳಗಿದ್ದುದನ್ನೆಲ್ಲ ಒರೆಸಿದಳು. ಬರೆದಳು: 'ಗ್ಯಾದರಿಂಗ್ ಫೋಟೋ ಪ್ರಿಂಟ್ ಬಂದಾವ. ಬೇಕಾದವ್ರು ನಾಳೆ ಹೆಸರು ಕೊಡ್ರಿ.' ಒತ್ತಿದಳು. ಸತ್ಯದ ಕೆಳಗೆ ಬಿದ್ದಿದ್ದ ಕೆಂಪು ಹೃದಯ ಮತ್ತು ಮುಗಿದ ಕೈ ಈಗ ಫೋಟೋಗಳ ಕೆಳಗೆ, ಹಾಗೆಯೇ, ಅಲುಗದೆ ಇದ್ದವು. ಮಲ್ಲೇಶ ಪ್ರಶ್ನಾರ್ಥಕ ಚಿಹ್ನೆಗಳ ಒಂದು ಸಾಲು ಹಾಕಿದ. ಆಮೇಲೆ ಯಾರೋ, ನನಗೆರಡು ಕಾಪಿ ಎಂದರು. ನನಗೊಂದು. ನನಗೂ ಒಂದು. ಗ್ರೂಪು ತನ್ನ ದಾರಿ ಹಿಡಿಯಿತು.

ಹೊರಗೆ ಅವ್ವ ಒಗ್ಗರಣೆ ಹಾಕಿದ ಸದ್ದು. ಶೈಲಶ್ರೀ ಗೋಡೆಗೆ ತಲೆಯಾನಿಸಿ ಕೂತಿದ್ದಳು. ಬಚಾವಾದೆ ಎನ್ನುವುದಕ್ಕೂ ಸತ್ತೆ ಎನ್ನುವುದಕ್ಕೂ ಮೈಗೆ ಒಂದೇ ತರಹದ ಸುಸ್ತು. ಆಗ ಕೈಯಲ್ಲೇ ಫೋನು ನಡುಗಿತು. ಪರದೆಯ ಮೇಲೆ ಸೋನುಬಾಯಿ. ಎತ್ತದೆ ಇದ್ದರೆ ನಿಲ್ಲುತ್ತದೆ ಎಂದು ನೋಡಿದಳು. ನಿಂತಿತು. ಮತ್ತೆ ಬಂತು.

"ಹಲೋ," ಎಂದಳು.

"ಊಟ ಆತೇನ?" ಸೋನುಬಾಯಿಯ ದನಿ ಎಂದಿನಂತೆಯೇ ಇತ್ತು.

"ಇಲ್ಲ. ನಿಂದು?"

"ಆತು. ನಾ ಗ್ರೂಪ ಬಿಟ್ಟದ್ದ ಮಧುಗ ಇವತ್ತ ಹೇಳಿದ್ದೆ, ಅದಕ್ಕ ನೀ ಬರದದ್ದು ಫೋಟೋ ಹೊಡದ ಕಳಿಸಿದ್ಲು. ನೋಡಲೇ ಸೋನಿ, ಶೈಲಾ ನಿನ್ನ ಸಲುವಾಗಿ ಬರದಾಳ ಅಂತ. ಓದಿದೆ. ನಮ್ಮ ಮಾಮಾಗೂ ಓದಿ ಹೇಳಿದೆ. ಅಷ್ಟರಾಗ ಇನ್ನೊಂದ ಫೋಟೋ ಕಳಿಸಿದ್ಲು, ಪ್ರಿಂಟ್ ಬಂದಾವ ಅಂತ. ಎರಡೂ ಅದಾವ ನನ್ನ ಹಂತೇಕ."

"ಸೋನಿ, ಮಲ್ಲೇಶ ಹಂಗ ಕೇಳಿದ್ನಲ್ಲ, ಅದಕ್ಕ—"

"ಮಲ್ಲೇಶ ಕೇಳಿದ್ದ ಬರೋಬರಿ ಐತಿ. ಮೊದಲನೇದ್ರಾಗೂ ನೀ ಸುಳ್ಳ ಬರದಿದ್ದಿ. ಪೂರಾ ಕೇಳಿಲ್ಲ ಅಂದಿ. ಆ ಆಡಿಯೋ ಕಳಿಸಿ ನಾ ಫೋನ್ ಹಿಡಕೊಂಡ ಕುಂತಿದ್ದೆ ಶೈಲಾ. ಯಾರ್ಯಾರು ಕೇಳ್ಯಾರ ಅಂತ ಒತ್ತಿ ಒತ್ತಿ ನೋಡಾಕತ್ತಿದ್ದೆ. ಕೇಳಿದವರ ಹೆಸರ ತೋರಸ್ತೈತಿ ಅದು. ನಿಂದೊಂದ ಹೆಸರಿತ್ತು. ಸದ್ಯ, ಮೊದಲ ಶೈಲಾ ಕೇಳಿದ್ಲು, ಇನ್ನ ಚಿಂತಿಲ್ಲ, ಅಂದೆ ನಮ್ಮವ್ವಗ." ಅವಳು ದನಿ ಇಳಿಸಿದಳು. "ಆಮ್ಯಾಲ ಹ್ವಾತು."

ಶೈಲಶ್ರೀ ಏನನ್ನೋ ಹೇಳಲು ಬಾಯಿ ತೆರೆದಳು. ಬಂದದ್ದು, "ನೀ ಕಾಲೇಜ್ ಬಿಡಬ್ಯಾಡ."

"ಬಿಡೂದ ಖರೇ. ಹಳಿಯಾಳದ ಕಾಲೇಜಿನಾಗ ಕೇಳಿ 'ಬಾ' ಅನಿಸಿಕೊಂಡ ಬಂದೇನಿ. ನೀ ಹೇಳಿದ್ರೂ ಬಿಡ್ತೇನಿ, ಹೇಳದಿದ್ರೂ ಬಿಡ್ತೇನಿ. ಆದ್ರ ಬೈದ ಹ್ವಾದಾಕಿ ಅನಿಸಿಕೊಂಡ ಹೋಗಾಕಿ ಅಲ್ಲ ನಾ. ಇವತ್ತ ನಮ್ಮ ಮಾಮಾ ನಿಮ್ಮಪ್ಪನ್ನ ನೋಡಿ ಮಾತಾಡ್ಸಲಿಲ್ಲಂತ. ಮನಿಗಿ ಬಂದ ತಾನ ಅಳಾಕತ್ತ. ಹಂಗ ಆಗಬಾರದು. ನಿಮ್ಮಪ್ಪ ಏನ ಮಾಡ್ಯಾನ?"

"ನಾ ಮತ್ತ ಬರೀತೇನಿ. ಈಗ ಬರೀತೇನಿ. ಪೂರಾ ಬರೀತೇನಿ."

"ಬರೀಬ್ಯಾಡ. ಬರದದ್ದ ನೀ ತಿದ್ತಿ." ಸೋನುಬಾಯಿ ಅದನ್ನು ಕುಟುಕುವ ಹಾಗೆ ಹೇಳಲಿಲ್ಲ, ಇವಳಿಗೆ ಖಾರ ಆಗುವುದಿಲ್ಲ ಎಂದು ಊಟಕ್ಕೆ ಬಡಿಸುವಾಗ ಹೇಳುವಂತೆ ಹೇಳಿದಳು. "ನಾಳೆ ಹನ್ನೊಂದಕ್ಕ ಸರ್ ಕೋಣಿಗೆ ಬಾ. ನಾನೂ ಮಾಮಾನೂ ಬರ್ತೇವಿ. ಕ್ಲಾಸಿನವ್ರನ್ನೂ ಕರೀರಿ ಅಂತ ಸರ್‌ಗೆ ಫೋನ್ ಮಾಡಿ ಹೇಳೇನಿ, ಹ್ಞೂಂ ಅಂದಾರ. ನಾ ಏನೂ ಮಾತಾಡೂದಿಲ್ಲ. ನಾ ಅಂದದ್ದ ನೀ ಅನ್ನು, ನಾ ಅಂದಂಗ, ಮೊದಲಿಂದ ಕಡೀತನಕ. ನಿನಗ ಗೊತ್ತೈತಿ."

ಗೊತ್ತಿತ್ತು. ಕೋಳಿಯ ಸದ್ದಿನ ಸಮೇತ ಗೊತ್ತಿತ್ತು. ಬಾಗಿಲ ಆಚೆ ಅವ್ವ ಊಟಕ್ಕೆ ಕರೆಯುತ್ತಿದ್ದಳು, ಅಪ್ಪ ತಟ್ಟೆ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಮಲ್ಲೇಶನೂ ಇರ್ತಾನೇನ?" ಎಂದಳು ಶೈಲಶ್ರೀ. ಕೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಗೊತ್ತಾಯಿತು.

"ಎಲ್ಲಾರೂ ಇರ್ತಾರ. ಹನ್ನೊಂದಕ್ಕ. ಬರ್ತೀ?"

"ಬರ್ತೇನಿ," ಎಂದಳು.

"ಆತು," ಎಂದಳು ಸೋನುಬಾಯಿ. "ಉಣ್ಣ ಹೋಗು, ನಿಮ್ಮವ್ವ ಕರೀಯಾಕತ್ತಾರ."